ಜಾಕೆಟ್ ಮೇಲೋ, ಚೀಲ ಮೇಲೋ

"ಕೆಟ್ಟ ಹವಾ ಅಂತ ಇಲ್ಲವೇ ಇಲ್ಲ, ಕೆಟ್ಟ ಬಟ್ಟೆ ಇರುತ್ತೆ ಅಷ್ಟೇ" ಎನ್ನುವವರು ಪ್ರತಿ ಓಟದ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಬೇಕಾದರೆ ಗಮನಿಸಿ ನೋಡಿ, ಈ ಮಾತನ್ನು ಅವರು ಹೇಳುವುದು ಸೂರಿನ ಕೆಳಗೆ ನಿಂತೇ. ಕೈಯಲ್ಲಿ ಬಿಸಿ ಲೋಟ ಬೇರೆ. ಬೆಟ್ಟದ ನೆತ್ತಿಯಲ್ಲಿ ಆಲಿಕಲ್ಲು ಅಡ್ಡಡ್ಡ ಬಂದು ಕೆನ್ನೆಗೆ ಹೊಡೆಯುವಾಗ ಇದನ್ನು ಹೇಳಿದವರನ್ನು ನಾನಂತೂ ನೋಡಿಲ್ಲ. ಅಲ್ಲಿ ಬಾಯಿ ತೆರೆಯುವುದೇ ಕಷ್ಟ ಅನ್ನುವುದೂ ಒಂದು ಕಾರಣ ಇರಬಹುದು.

ಅಲ್ಟ್ರಾ, ಅಂದರೆ ಮ್ಯಾರಥಾನಿಗಿಂತಲೂ ಉದ್ದದ ಓಟ, ಓಡುವವರಿಗೆ ಸಿಗುವ ವಸಂತ ಕವಿಗಳು ಹಾಡಿದ್ದಲ್ಲ. ತಪ್ಪಲಲ್ಲಿ ಹೂವು, ಅರ್ಧ ಬೆಟ್ಟದಲ್ಲಿ ಮಳೆ, ನೆತ್ತಿಯಲ್ಲಿ ಕರಗಲೋ ಬೇಡವೋ ಎಂದು ಕೂತ ಹಳೇ ಹಿಮ. ಸಾವಿರ ಮೀಟರ್ ಹತ್ತಿದರೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ, ಗಾಳಿಯ ಲೆಕ್ಕ ಬೇರೆ. ಮೊಬೈಲಿನಲ್ಲಿ ನಗುತ್ತಿರುವ ಸೂರ್ಯ ಕೆಳಗಿನ ಊರಿಗೆ ಸೇರಿದವನು. ಇಂಥದ್ದರಲ್ಲೇ ಓಟಕ್ಕೆ ಮುಂಚಿನ ಕೊನೆಯ ದೊಡ್ಡ ಅಭ್ಯಾಸ ಮುಗಿಸಬೇಕು. ಆಮೇಲೆ ಟೇಪರ್. ಅಂದರೆ ಎರಡು ಮೂರು ವಾರ ಕಡಿಮೆ ಓಡಿ, ಇಲ್ಲದ ಮಂಡಿನೋವನ್ನು ಹುಡುಕುತ್ತಾ ಕೂರುವ ಕಾಲ. "ಈ ಗಾಳಿಮಳೆಯಲ್ಲಿ ಯಾಕಾದರೂ ಹೋಗಬೇಕು?" ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಖಂಡಿತ ಹೇಳುತ್ತೇನೆ. ಅದಕ್ಕೆ ಮುಂಚೆ ಜಾಕೆಟ್ಟಿನ ವಿಷಯ ಒಂದು ಮುಗಿಸಿಬಿಡೋಣ.

ಮಳೆ ಬಂದಾಗ ಜಾಕೆಟ್ಟನ್ನು ಬೆನ್ನುಚೀಲದ ಅಡಿಯಲ್ಲಿ ಹಾಕಿಕೊಳ್ಳಬೇಕೋ, ಚೀಲದ ಮೇಲೆ ಹಾಕಿಕೊಳ್ಳಬೇಕೋ? ಅಡಿಯಲ್ಲಿ ಹಾಕಿಕೊಳ್ಳಬೇಕಾದರೆ ಮೊದಲು ಚೀಲ ಬಿಚ್ಚಬೇಕು. ಎದೆಯ ಮೇಲಿನ ಎರಡು ಕ್ಲಿಪ್ಪು, ನೀರಿನ ಕೊಳವೆ, ಕುತ್ತಿಗೆಗೆ ಸಿಕ್ಕಿಕೊಂಡ ಸೀಟಿಯ ದಾರ. ಅಷ್ಟರಲ್ಲಿ ಗಾಳಿ ಒಂದು ತೋಳನ್ನು ಕಿತ್ತುಕೊಂಡಿರುತ್ತದೆ. ಉಳಿದ ತೋಳು ಒಳಗೇ ಮಗುಚಿಕೊಂಡಿರುತ್ತದೆ. ಹಾಕಿ ಮುಗಿಯುವ ಹೊತ್ತಿಗೆ ಒಳಗಿನ ಅಂಗಿ ಪೂರ್ತಿ ನೆಂದಿರುತ್ತದೆ, ಇನ್ನು ಮಳೆ ತಡೆಯಲು ಜಾಕೆಟ್ಟು ಸಿದ್ಧ. ಅದೇ ಹೊತ್ತಿಗೆ ಮಳೆ ನಿಲ್ಲುತ್ತದೆ. ಬಿಸಿಲು ಬರುತ್ತದೆ. ಒಳಗೆ ಬೆವರು ಶುರು. ಈಗ ತೆಗೆಯಬೇಕಾದರೆ ಮತ್ತೆ ಅದೇ ಕ್ಲಿಪ್ಪು, ಅದೇ ಕೊಳವೆ, ಅದೇ ದಾರ.

ಚೀಲದ ಮೇಲೆ ಹಾಕಿಕೊಂಡರೆ ಈ ರಗಳೆ ಇಲ್ಲ. ಆದರೆ ಹಿಂದಿನಿಂದ ನೋಡಿದವರಿಗೆ ಒಂಟೆ ಓಡಿದ ಹಾಗೆ ಕಾಣುತ್ತದೆ. ಹಸಿವಾದಾಗ ತಿನ್ನುವುದು ಬೇಕೆಂದರೆ ಜಿಪ್ ಇಳಿಸಿ, ತಣ್ಣಗೆ ಮರಗಟ್ಟಿದ ಕೈಯನ್ನು ಹೊಟ್ಟೆಯ ಕಡೆ ತೂರಿಸಿ ತಡಕಾಡಬೇಕು. ಆ ಜಿಪ್ಪಿನ ತುದಿ ನೋಡಿದ್ದೀರಾ? ತೂಕ ಉಳಿಸುವ ಹುಚ್ಚಿನಲ್ಲಿ ಅದನ್ನು ಕಡಲೆಬೀಜಕ್ಕಿಂತ ಚಿಕ್ಕದು ಮಾಡಿಟ್ಟಿದ್ದಾರೆ. ಒಂದು ದಾರದ ಕುಣಿಕೆ ಕಟ್ಟಿಕೊಳ್ಳಿ, ಹಲ್ಲಿನಿಂದ ಎಳೆಯಬಹುದು. ಇಷ್ಟು ದುಡ್ಡು ಕೊಟ್ಟ ಮೇಲೂ ದಾರ ನಾವೇ ಕಟ್ಟಬೇಕು, ಅದು ಬೇರೆ ಮಾತು.

ಯುರೋಪಿನ ಆಲ್ಪ್ಸ್‌ನಲ್ಲಿ ಮಾಂಟ್ ಬ್ಲಾಂಕ್ ಬೆಟ್ಟದ ಸುತ್ತ ಸುಮಾರು 170 ಕಿಲೋಮೀಟರ್ ಓಡುವ ಯುಟಿಎಂಬಿ ಎಂಬ ಓಟ ಇದೆಯಲ್ಲ, ಅಲ್ಲಿ ಹುಡ್, ಅಂದರೆ ತಲೆ ಮುಚ್ಚುವ ಟೋಪಿ, ಇರುವ ಜಾಕೆಟ್ ಕಡ್ಡಾಯ. 10,000 ಮಿಲಿಮೀಟರ್ ನೀರು ತಡೆಯುವಂಥದ್ದಿರಲಿ ಎನ್ನುತ್ತಾರೆ. ಅಂದರೆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರಕ್ಕೆ ನೀರು ನಿಂತರೂ ಒಳಗೆ ಇಳಿಯಬಾರದು. ಸರಿ ಸ್ವಾಮಿ. ಆದರೆ ತಲೆ ಹೊರಗೆ ಬರಲೆಂದು ಮೇಲೊಂದು ತೂತು ಬಿಟ್ಟಿದ್ದಾರಲ್ಲ, ನನ್ನ ಮಳೆಯೆಲ್ಲ ಬರುವುದು ಅಲ್ಲಿಂದಲೇ. ಹುಡ್ ಬಿಗಿ ಮಾಡಿಕೊಂಡರೆ ಎಡಕ್ಕೆ ತಿರುಗಿದಾಗ ದಾರಿಯ ಬದಲು ಹುಡ್ಡಿನ ಒಳಮೈ ಕಾಣುತ್ತದೆ. ಸಡಿಲ ಬಿಟ್ಟರೆ ಕಿವಿಯ ಹತ್ತಿರ ಇಡೀ ದಾರಿ ಪಟಪಟ.

ಇಷ್ಟೆಲ್ಲ ಆಗುವಾಗಲೇ ತೋಳಿಲ್ಲದ ಬನಿಯನ್ನಿನ ಸಣಕಲ ಮನುಷ್ಯನೊಬ್ಬ ಪಕ್ಕದಲ್ಲಿ ಹಾರಿಕೊಂಡು ಹೋಗುತ್ತಾನೆ. "ಏನ್ ಸಾರ್, ನಾಲ್ಕು ಹನಿ ಅಷ್ಟೇ ಅಲ್ವಾ?" ಅವನಿಗೆ ಒಳ್ಳೆಯದಾಗಲಿ ಎಂದು ನಾನು ಹಾರೈಸುವುದಿಲ್ಲ.

ಸುಮ್ನೆ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಓಟಕ್ಕೆ 172 ಮಂದಿ ಹೊರಟರು. ಬೆಟ್ಟ ಹತ್ತುವ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. ಬಹಳ ಜನರ ಮೈಮೇಲೆ ಇದ್ದದ್ದು ತೆಳು ಅಂಗಿ, ಚಡ್ಡಿ. ಗಾಳಿ ತಡೆಯುವ ಜಾಕೆಟ್ಟು ಕಡ್ಡಾಯದ ಪಟ್ಟಿಯಲ್ಲೇ ಇರಲಿಲ್ಲ. 21 ಜನ ಸತ್ತರು. ಕುರಿ ಕಾಯುತ್ತಿದ್ದ ಒಬ್ಬಾತ ಆರು ಮಂದಿಯನ್ನು ತಾನಿದ್ದ ಗುಹೆಗೆ ಸೇರಿಸಿ, ಬೆಂಕಿ ಹಾಕಿ ಉಳಿಸಿದ. ಆಗಿನಿಂದ ಜಾಕೆಟ್ಟನ್ನು ಎಷ್ಟೇ ಬೈದರೂ ನಾನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ.

ಆದರೆ ಬೇಗ ಹಾಕಲು ಬರಬೇಕು, ಅದು ಮುಖ್ಯ. ಅಮೆರಿಕದ ಟೆನೆಸಿಯಲ್ಲಿ ಬಾರ್ಕ್ಲಿ ಮ್ಯಾರಥಾನ್ಸ್ ಎಂಬ ವಿಚಿತ್ರ ಓಟ ನಡೆಯುವುದೂ ವಸಂತದ ಆಸುಪಾಸಿನಲ್ಲೇ. ಐದು ಸುತ್ತು, 60 ಗಂಟೆ ಗಡುವು. 2024ರಲ್ಲಿ ಜಾಸ್ಮಿನ್ ಪ್ಯಾರಿಸ್ ಅದನ್ನು ಮುಗಿಸಿದ ಮೊದಲ ಮಹಿಳೆಯಾದರು, ಗಡುವಿಗೆ 99 ಸೆಕೆಂಡ್ ಬಾಕಿ ಇತ್ತು. ಅಷ್ಟರಲ್ಲಿ ನನಗೆ ಬಲಗಡೆಯ ತೋಳು ಯಾವುದು ಎಂದೂ ಗೊತ್ತಾಗಿರುವುದಿಲ್ಲ. ಹಾಗಾಗಿ ನನ್ನ ತೀರ್ಪು ಇಷ್ಟು: ಒಂದು ಸೈಜ್ ದೊಡ್ಡದು ಕೊಳ್ಳಿ, ಚೀಲದ ಮೇಲೆಯೇ ಹಾಕಿ. ಒಪ್ಪದವರು ಗಾಳಿಯಲ್ಲಿ ನಿಂತು ಕ್ಲಿಪ್ ಬಿಚ್ಚುತ್ತಿರಲಿ.

ಯಾಕೆ ಹೋಗಬೇಕು ಎಂಬ ಪ್ರಶ್ನೆ ಹಾಗೇ ಉಳಿದಿದೆ, ಗೊತ್ತು. ಆದರೆ ಕೈಗವಸಿನ ವಿಷಯ ಎತ್ತಲೇ ಇಲ್ಲವಲ್ಲ ಇನ್ನೂ. ಜಾಕೆಟ್ಟಿನ ತೋಳನ್ನು ಗವಸಿನ ಒಳಗೆ ತೂರಿಸಿದರೆ ತೋಳಿಂದ ಇಳಿದ ನೀರೆಲ್ಲ ಬೆರಳಿಗೇ ಹೋಗುತ್ತದೆ. ಗವಸಿನ ಹೊರಗೆ ಬಿಟ್ಟರೆ, ಏರಿನಲ್ಲಿ ಕೋಲೂರಿ ಕೈ ಎತ್ತಿದಾಗಲೆಲ್ಲ ಅದೇ ನೀರು ಮೊಳಕೈಗೆ. ಇದಕ್ಕೆ ಯಾರ ಹತ್ತಿರವಾದರೂ ಉತ್ತರ ಇದ್ದರೆ ಹೇಳಿ. ಬನಿಯನ್ನಿನವರು ಬೇಡ.