ಸತ್ಯಾಂಶ: ಬೆನ್‌ಫರ್ಡ್ ಟೆಸ್ಟ್ ಫೇಲ್ ಆದ್ರೆ ಮೋಸ ಪಕ್ಕಾನಾ?

ಲೆಕ್ಕದ ಅಂಕಿಗಳು ಬೆನ್‌ಫರ್ಡ್ ನಿಯಮಕ್ಕೆ (ಮೊತ್ತಗಳ ಮೊದಲ ಅಂಕಿಯಾಗಿ ಯಾವುದು ಎಷ್ಟು ಸಲ ಬರುತ್ತೆ ಅಂತ ಹೇಳೋ ನಿಯಮ) ಹೊಂದ್ಲಿಲ್ಲ ಅಂದ್ರೆ ಕಂಪನಿ ಕಳ್ಳಲೆಕ್ಕ ಬರ್ದಿದೆ ಅಂತ ಫಾರ್ವರ್ಡ್ ಮಾಡ್ತಾರಲ್ಲ, ಅದು ತಪ್ಪು. ನಿಯಮವೇನೋ ನಿಜಾನೇ, ಮೊತ್ತಗಳು ಹತ್ತು ರೂಪಾಯಿಂದ ಲಕ್ಷದವರೆಗೂ ಹರಡಿದ್ರೆ ಸಾಮಾನ್ಯವಾಗಿ ಮೊದಲ ಅಂಕಿ 1 ಬರೋದು ಸುಮಾರು 30%, 9 ಬರೋದು 4.6% ಅಷ್ಟೇ, 1881ರಲ್ಲೇ ಖಗೋಳ ವಿಜ್ಞಾನಿ ಸೈಮನ್ ನ್ಯೂಕಂಬ್ ಲೆಕ್ಕ ಮಾಡೋಕೆ ಬಳಸ್ತಿದ್ದ ಲಾಗರಿದಮ್ ಪುಸ್ತಕದಲ್ಲಿ 1ರಿಂದ ಶುರುವಾಗೋ ಸಂಖ್ಯೆಗಳಿರೋ ಮೊದಮೊದಲ ಪುಟಗಳೇ ಜಾಸ್ತಿ ಸವೆದಿರೋದು ನೋಡಿ ಇದನ್ನ ಗಮನಿಸಿದ್ರು. ಆದ್ರೆ ಕೇಬಲ್‌ನವನ ಪುಸ್ತಕದಲ್ಲಿ ಎಲ್ಲರೂ ತಿಂಗಳಿಗೆ 350 ಕಟ್ಟಿದ್ರೆ ಪ್ರತಿ ಸಾಲೂ 3ರಿಂದಲೇ ಶುರು, ಅದ್ರಲ್ಲಿ ಮೋಸ ಎಲ್ಲಿ ಬಂತು? ಇನ್ನು ಲಕ್ಷಗಟ್ಟಲೆ ಎಂಟ್ರಿ ಇದ್ರೆ ಅಂಕಿಗಳು ನಿಯಮಕ್ಕೆ ಹೊಂದುತ್ತಾ ಅಂತ ಅಳೆಯೋ ಕೈ-ಸ್ಕ್ವೇರ್ ಟೆಸ್ಟು ಚೂರು ವ್ಯತ್ಯಾಸಕ್ಕೂ ಫೇಲ್ ಅನ್ನುತ್ತೆ. ಪಾಸ್ ಆದ್ರೂ ಲೆಕ್ಕ ಶುದ್ಧ ಅಂತಲ್ಲ. ಯಾವ ಬಿಲ್ ಮೊದ್ಲು ತೆಗೆದು ನೋಡ್ಬೇಕು ಅನ್ನೋದಕ್ಕೆ ಆಡಿಟರ್ ಇದನ್ನ ಬಳಸ್ತಾರೆ, ಸಾಕ್ಷಿ ಸಿಗೋದು ಆ ಬಿಲ್ಲಲ್ಲೇ.