ಮಡ್ಡಿ ವಾಟರ್ಸ್‌ನನ್ನು ಮರೆತಿರಾ?

'ದಿ ಬ್ಯಾಂಡ್' ಎಂಬ ರಾಕ್ ತಂಡದ ವಿದಾಯ ಕಛೇರಿಯನ್ನು ಮಾರ್ಟಿನ್ ಸ್ಕಾರ್ಸೆಸಿ ಚಿತ್ರೀಕರಿಸಿದ 'ದಿ ಲಾಸ್ಟ್ ವಾಲ್ಟ್ಸ್' ಸಿನಿಮಾ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ 1976ರ ಆ ರಾತ್ರಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿದ್ದನ್ನೇ ಬಿಟ್ಟಿದ್ದೀರಲ್ಲ! ಆಗ ಉಳಿದ ಕ್ಯಾಮೆರಾಗಳೆಲ್ಲ ನಿಂತಿದ್ದವಂತೆ, ಓಡುತ್ತಿದ್ದದ್ದು ಒಂದೇ. ಅದಕ್ಕೇ ಕಣ್ಣು ಆತನ ಮುಖ ಬಿಟ್ಟು ಕದಲುವುದಿಲ್ಲ. ನನಗಂತೂ ಅದೇ ವೇದಿಕೆಯಲ್ಲಿ ಹಾಡಿದ ಬಾಬ್ ಡಿಲನ್‌ಗಿಂತ ಇದೇ ಜಾಸ್ತಿ ಇಷ್ಟ.

ನಾನು ನೋಡಿದ್ದು ಚಿಕ್ಕಮಗಳೂರಿನಲ್ಲಿ, ಜುಲೈ ಮಳೆಯಲ್ಲಿ. 'ಸೌಂಡ್ ಜೋರಾಗಿ ಹಾಕಿ' ಅಂತ ಸಿನಿಮಾದ ಶುರುವಿನಲ್ಲೇ ತೆರೆ ಮೇಲೆ ಬರುತ್ತದೆ. ಹೆಂಚಿನ ಮೇಲಿನ ಮಳೆ ಸದ್ದಿಗೆ ನಮಗೆ ಬೇರೆ ದಾರಿಯೂ ಇರಲಿಲ್ಲ! (ನಡುವೆ ಎರಡು ಸಲ ಕರೆಂಟೂ ಹೋಯಿತು.)

ಒಂದು ತಕರಾರು. 'ದಿ ಬ್ಯಾಂಡ್'ನಲ್ಲಿ ಐದು ಜನ ಇದ್ದರು, ಸ್ಕಾರ್ಸೆಸಿ ಕ್ಯಾಮೆರಾಗೆ ಗಿಟಾರ್ ವಾದಕ ರಾಬಿ ರಾಬರ್ಟ್‌ಸನ್ ಒಬ್ಬನೇ ಕಂಡಂತಿದೆ. ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಿದ್ದ ಲೀವಾನ್ ಹೆಲ್ಮ್‌ಗೆ ಇದೇ ಸಿಟ್ಟಿತ್ತು. ಸಿಟ್ಟು ಬಂದದ್ದು ಸುಮ್ನೆ ಅಲ್ಲ, ಅಲ್ವಾ?