ಈರುಳ್ಳಿಯ ಜೋಗುಳ

ನಾನು ಓದಿದ ಅತ್ಯಂತ ಗಟ್ಟಿ ರಾಜಕೀಯ ಕವಿತೆ ಯಾವುದು ಅಂತ ಯಾರಾದರೂ ಕೇಳಿದರೆ, ಒಂದು ಜೋಗುಳದ ಹೆಸರು ಹೇಳುತ್ತೇನೆ.

1939ರ ಸೆಪ್ಟೆಂಬರ್. ಸ್ಪೇನ್‌ನ ರಾಜಧಾನಿ ಮ್ಯಾಡ್ರಿಡ್‌ನ ಟೊರಿಹೋಸ್ ಜೈಲು. ಒಳಗಿದ್ದವನು ಕವಿ ಮಿಗೆಲ್ ಎರ್ನಾಂಡೆಸ್. ಒರಿವೇಲಾ ಊರಿನಲ್ಲಿ ಆಡು ಕಾಯುತ್ತಾ ಬೆಳೆದವನು. ಸ್ಪೇನ್‌ನ ಅಂತರ್ಯುದ್ಧದಲ್ಲಿ ದಂಗೆಯೆದ್ದ ಸೇನಾಧಿಕಾರಿ ಫ್ರಾಂಕೋನ ವಿರುದ್ಧ, ಗಣರಾಜ್ಯದ ಪರ ನಿಂತವನು. ಯುದ್ಧ ಸೋತ ಮೇಲೆ ಪೋರ್ಚುಗಲ್‌ಗೆ ದಾಟಿದ. ಅಲ್ಲಿನ ಪೊಲೀಸರು ಹಿಡಿದು ವಾಪಸ್ ಒಪ್ಪಿಸಿದರು. ಆ ಜೈಲಿಗೆ ಹೆಂಡತಿ ಹೋಸೆಫಿನಾಳ ಕಾಗದ ಬಂತು. ಮನೆಯಲ್ಲಿ ತಿನ್ನಲು ಬ್ರೆಡ್ಡು ಮತ್ತು ಈರುಳ್ಳಿ ಬಿಟ್ಟರೆ ಬೇರೇನೂ ಇಲ್ಲ ಅಂತ ಬರೆದಿದ್ದಳು. ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು.

ಹಾಲುಣಿಸುವ ತಾಯಿಗೆ ಏನು ಕೊಡಬೇಕು ಅಂತ ನಮ್ಮ ಮನೆಗಳಲ್ಲಿ ಎಷ್ಟು ತಲೆಕೆಡಿಸಿಕೊಳ್ಳುತ್ತೇವೆ! ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ. ಅಲ್ಲಿ ಬರೀ ಈರುಳ್ಳಿ. ಆ ಕಾಗದ ಓದಿ ಮಿಗೆಲ್ ಮಗನಿಗೆ ಜೋಗುಳ ಬರೆದ. ಈರುಳ್ಳಿಯನ್ನು 'ಮುಚ್ಚಿಕೊಂಡಿರುವ ಬಡಪಾಯಿ ಹಿಮ' ಅನ್ನುತ್ತಾನೆ. ಹಸಿವಿನ ತೊಟ್ಟಿಲಲ್ಲಿ ಮಲಗಿದ ಮಗು ಈರುಳ್ಳಿಯ ರಕ್ತವನ್ನೇ ಕುಡಿಯುತ್ತಿದೆ ಅನ್ನುತ್ತಾನೆ. ಹಾಗೆಂದವನೇ ಮಗುವಿಗೆ ನಗು ಅಂತಾನೆ. ಎಂಟು ತಿಂಗಳ ಬಾಯಲ್ಲಿ ಐದು ಹಲ್ಲು, ಐದು ಕಿತ್ತಳೆ ಹೂವು. ಆ ನಗು ನನ್ನ ಸೆರೆ ಬಿಡಿಸುತ್ತದೆ, ಇಲ್ಲಿ ಏನು ನಡೆಯುತ್ತಿದೆ ಅಂತ ನಿನಗೆ ತಿಳಿಯುವುದೇ ಬೇಡ ಅನ್ನುತ್ತಾನೆ.

ಇವನಿಗೂ ಮೊದಲು ಅವರಿಗೆ ಇನ್ನೊಬ್ಬ ಮಗ ಇದ್ದ. 1938ರಲ್ಲಿ ತೀರಿಕೊಂಡ. ಆಗ ಆ ಮಗುವಿಗೆ ಹತ್ತೇ ತಿಂಗಳು. ಇದು ಗೊತ್ತಾದ ಮೇಲೆ ಕವಿತೆಯಲ್ಲಿ 'ಎಂಟನೇ ತಿಂಗಳು' ಅಂತ ಬಂದ ಕಡೆ ನನಗೆ ಮುಂದೆ ಓದಲು ಆಗಲಿಲ್ಲ. ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಇದರಲ್ಲಿ ರಾಜಕೀಯ ಎಲ್ಲಿದೆ, ಇದು ಅಪ್ಪನ ದುಃಖ ಅಷ್ಟೇ ಅಲ್ವಾ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅವನು ಸೈನಿಕರ ಮುಂದೆ ನಿಂತು ಓದಿದ ಯುದ್ಧದ ಕವಿತೆಗಳಲ್ಲಿ ಕಸುವಿದೆ, ನಿಜ. ಆದರೆ ಅವುಗಳಲ್ಲಿ ಕೆಲವು ಆ ದಿನದ ಕಾವಿನಲ್ಲೇ ಉಳಿದುಬಿಟ್ಟಿವೆ. ಜೋಗುಳದಲ್ಲಿ ಫ್ರಾಂಕೋನ ಹೆಸರಿಲ್ಲ, ಬೈಗುಳ ಇಲ್ಲ. ಗೆದ್ದವರು ಸೋತವರ ಮನೆಯ ಅಡುಗೆಮನೆಗೆ ಏನು ಮಾಡಿದರು ಅನ್ನುವುದು ಮಾತ್ರ ಇದೆ. ಇದಕ್ಕಿಂತ ಜಾಸ್ತಿ ಸಾಕ್ಷಿ ಇನ್ನೇನು ಬೇಕು?

ಗೆದ್ದವರು ಪುಸ್ತಕವನ್ನೂ ಬಿಡಲಿಲ್ಲ. ವೆಲೆನ್ಸಿಯಾದಲ್ಲಿ ಅಚ್ಚಾಗಿ ಇನ್ನೂ ಹೊಲಿಗೆಯಾಗದೆ ಬಿದ್ದಿದ್ದ ಅವನ ಕವನ ಸಂಕಲನವನ್ನು ನಾಶ ಮಾಡಿದರು. 1940ರ ಜನವರಿಯಲ್ಲಿ ಅವನಿಗೆ ಮರಣದಂಡನೆ ವಿಧಿಸಿದರು. ಆಮೇಲೆ ಅದನ್ನು 30 ವರ್ಷದ ಸೆರೆಗೆ ಇಳಿಸಿದರು. ಬರೆದದ್ದು ತಪ್ಪಾಯಿತು ಅಂತ ಒಪ್ಪಿಕೋ ಎಂಬ ಒತ್ತಾಯ ಬಂತು. ಅವನು ಒಪ್ಪಲಿಲ್ಲ. ಜೈಲಿಂದ ಜೈಲಿಗೆ ಸಾಗಿಸಿದರು. ಅಲ್ಲೇ ಮಗನಿಗಾಗಿ ಪುಟ್ಟ ಕಥೆಗಳನ್ನು ಬರೆದ, ಟಾಯ್ಲೆಟ್ ಪೇಪರ್ ಮೇಲೆ.

ಅವರ ಮದುವೆ 1937ರಲ್ಲಿ ಸಿವಿಲ್ ಮದುವೆಯಾಗಿ ನಡೆದಿತ್ತು. ಹೊಸ ಸರ್ಕಾರ ಅಂಥ ಮದುವೆಗಳಿಗೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ 1942ರ ಮಾರ್ಚ್‌ನಲ್ಲಿ ಅಲಿಕಾಂತೆ ಜೈಲಿನ ಆಸ್ಪತ್ರೆಯಲ್ಲಿ, ಕ್ಷಯದಿಂದ ಹಾಸಿಗೆ ಹಿಡಿದವನಿಗೆ ಅದೇ ಹೆಂಡತಿಯೊಂದಿಗೆ ಚರ್ಚ್ ಪದ್ಧತಿಯಲ್ಲಿ ಮತ್ತೆ ಮದುವೆಯಾಯಿತು. ಅದೇ ತಿಂಗಳ 28ಕ್ಕೆ ಅವನು ಹೋದ. ವಯಸ್ಸು 31.

ಅವನ ಕೊನೆಯ ವರ್ಷಗಳ ಕವಿತೆಗಳ ಸಂಕಲನ ಹೊರಬಂದದ್ದು 1958ರಲ್ಲಿ. ಅದೂ ಸ್ಪೇನ್‌ನಲ್ಲಿ ಅಲ್ಲ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಅಷ್ಟು ವರ್ಷ ಅವನ ಹಸ್ತಪ್ರತಿಗಳನ್ನು ಜೋಪಾನ ಮಾಡಿದವಳು ಹೋಸೆಫಿನಾ. ಬ್ರೆಡ್ಡು, ಈರುಳ್ಳಿ ತಿಂದು ಮಗನಿಗೆ ಹಾಲು ಕೊಟ್ಟವಳು.